ಕೂಸು ಹುಟ್ಟುವ ಮುನ್ನವೇ ಕುಲಾವಿ

‘ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರಂತೆ’ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಫಲಿತಾಂಶ ಬರುವ ಮೊದಲೇ ಮಂತ್ರಿ ಖಾತೆಗಳನ್ನು ಹಂಚಿಕೊಳ್ಳುವವರನ್ನೂ, ಅಡಿಗಲ್ಲು ಬೀಳುವ ಮೊದಲೇ ಉದ್ಘಾಟನೆಯ ದಿನಾಂಕ ಸಾರುವವರನ್ನೂ ಛೇಡಿಸಲು ಪತ್ರಿಕೆಗಳು ಈ ಗಾದೆಯನ್ನು ಧಾರಾಳವಾಗಿ ಬಳಸುತ್ತವೆ. ಮಗುವಿನ ಕಿವಿ ಮುಚ್ಚುವಂತೆ ಹೊಲಿದು ಗದ್ದದ ಕೆಳಗೆ ಲಾಡಿ ಕಟ್ಟುವ ಪುಟ್ಟ ಟೋಪಿಗೆ ಕುಲಾವಿ ಎನ್ನುತ್ತಾರೆಂಬುದು ಮಾತ್ರ ಅದನ್ನು ಬಳಸುವ ಅನೇಕರಿಗೆ ಮರೆತುಹೋಗಿರಬಹುದು. ವಸ್ತು ಕಣ್ಮರೆಯಾದ ಮೇಲೂ ಅದರ ಮೇಲಿನ ಗೇಲಿ ಉಳಿದುಕೊಂಡಿರುವುದು ಭಾಷೆಯ ವಿಚಿತ್ರಗಳಲ್ಲೊಂದು.

ಕಳೆದ ವರ್ಷ ಈ ಗಾದೆ ನೇರವಾಗಿ ನನ್ನ ತಲೆಯ ಮೇಲೆಯೇ ಬಂದು ಬಿತ್ತು. ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಆರು ತಿಂಗಳು ತುಂಬಿತ್ತು. ಮೂರು ದಶಕಗಳ ಕಾಲ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ಮೊಮ್ಮಗುವಿಗೆಂದು ನೂಲಿನ ಉಂಡೆಯನ್ನೂ ಎರಡು ಹೆಣಿಗೆ ಕಡ್ಡಿಗಳನ್ನೂ ಕೈಗೆತ್ತಿಕೊಂಡಿದ್ದೆ. ವಿಷಯ ತಿಳಿದ ಅಕ್ಕ ಬೈಲಹೊಂಗಲದಿಂದ ಫೋನು ಮಾಡಿ, “ಏನ ತಂಗಿ, ಕೂಸು ಹುಟ್ಟೂಕಿಂತ ಮದಲ ಕುಲಾವಿ ಸುರು ಮಾಡಿಯಂತ? ಕಲಿತಾಕಿಗೆ ಇಷ್ಟೂ ತಿಳಿಯೂದಿಲ್ಲೇನ?” ಎಂದು ಗದರಿದಳು. ನಕ್ಕು ಫೋನು ಕೆಳಗಿಟ್ಟೆ. ಆದರೆ ಅವಳ ದನಿಯಲ್ಲಿ ಗೇಲಿಗಿಂತ ಹೆಚ್ಚಾಗಿ ಬೇರೇನೋ ಇತ್ತು. ಅದು ಭಯ. ಆ ಭಯ ಎಲ್ಲಿಂದ ಬಂದದ್ದೆಂಬುದು ನನಗೂ ಗೊತ್ತಿತ್ತು.

ನನ್ನ ಅವ್ವನ ಟ್ರಂಕಿನಲ್ಲಿ ಒಂದು ಕುಲಾವಿ ಇತ್ತು. ಖಣದ ಚೂರುಗಳನ್ನು ಕೂಡಿಸಿ ಹೊಲಿದ, ಒಂದು ಕಡೆಯ ಲಾಡಿ ಮಾತ್ರ ಹಚ್ಚಿದ, ಯಾವ ತಲೆಯೂ ತೊಡದ ಕುಲಾವಿ. 1956ರಲ್ಲಿ ಅವಳ ಚೊಚ್ಚಲ ಗಂಡುಕೂಸು ಒಂಬತ್ತು ದಿನವಿದ್ದು ಹೋಯಿತು. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿರಲಿಲ್ಲವಾದ್ದರಿಂದ ಅದಕ್ಕೆ ಹೆಸರೂ ಇರಲಿಲ್ಲ. ಆಮೇಲೆ ಹುಟ್ಟಿದ ನಾವು ನಾಲ್ವರಲ್ಲಿ ಯಾರಿಗೂ ಅವ್ವ ಮೊದಲೇ ಕುಲಾವಿ ಹೊಲಿಯಲಿಲ್ಲ. ಹುಟ್ಟಿದ ಮೇಲೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಕೂಸು ‘ನಿಂತಿತು’ ಎಂಬ ಧೈರ್ಯ ಬಂದ ಮೇಲಷ್ಟೇ ಸೂಜಿ ಹಿಡಿದಳು. ಇದು ನಮ್ಮೊಬ್ಬರ ಮನೆಯ ಕತೆಯಲ್ಲ. 1951ರ ಸುಮಾರಿಗೆ ಈ ದೇಶದಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 146 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಏಳರಲ್ಲೊಂದು ತೊಟ್ಟಿಲು ಬರಿದಾಗುತ್ತಿದ್ದ ಸಮಾಜದಲ್ಲಿ ಆಸೆಯನ್ನು ಬಟ್ಟೆಯಾಗಿಸುವುದು ದುಬಾರಿಯ ಕೆಲಸವಾಗಿತ್ತು. ಗಾದೆಯೊಳಗಿನ ನಗೆ ಆ ಅನುಭವಕ್ಕೆ ಹಾಕಿದ ಹೊದಿಕೆ.

ಈಗ ಕಾಲ ಬದಲಾಗಿದೆ. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶಿಶುಮರಣ ಪ್ರಮಾಣ 2005ರಲ್ಲಿ ಸಾವಿರಕ್ಕೆ 50ರಷ್ಟಿತ್ತು; 2020ರ ಹೊತ್ತಿಗೆ ಅದು 19ಕ್ಕೆ ಇಳಿದಿತ್ತು. ಹತ್ತೊಂಬತ್ತೂ ಸಣ್ಣ ಸಂಖ್ಯೆಯೇನಲ್ಲ; ಅದರೊಳಗೆ ಹತ್ತೊಂಬತ್ತು ಮನೆಗಳಿವೆ. ಆದರೂ ಆಸ್ಪತ್ರೆಯ ಹೆರಿಗೆ, ಲಸಿಕೆ, ಆಶಾ ಕಾರ್ಯಕರ್ತೆಯರ ಓಡಾಟ ಇವೆಲ್ಲ ಸೇರಿ ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಿರುವ ದೊಡ್ಡ ಉಡುಗೊರೆಯೆಂದರೆ ಧೈರ್ಯವಾಗಿ ಕಾಯುವ ಹಕ್ಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಹುದಾದ ಕಾಲ ಇದೀಗ ಬಂದಿದೆ. ವಿಪರ್ಯಾಸವೆಂದರೆ, ಅದು ಬರುವ ಹೊತ್ತಿಗೆ ಕುಲಾವಿ ಹೊಲಿಯುವ ಕೈಗಳು ಕಡಿಮೆಯಾಗಿವೆ. ಈ ಲೇಖನ ಆ ಕೈಗಳ ಕುರಿತಾದುದು.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವಾಗ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಹಾದುಹೋಗುತ್ತದೆ. ನನ್ನ ತವರು, ಅತ್ತೆಮನೆ, ಅಕ್ಕತಂಗಿಯರ ಮನೆಗಳೆಲ್ಲ ಈ ನಾಲ್ಕು ಊರುಗಳ ಆಸುಪಾಸಿನಲ್ಲಿವೆ. ಇಲ್ಲಿ ಕೂಸಿಗೆ ಸಲ್ಲುವ ಕೈಗೆಲಸ ಮುಖ್ಯವಾಗಿ ಮೂರು: ತಲೆಗೆ ಕುಲಾವಿ, ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದು ಗಾಳಿ ತಡೆಯುವ ಕುಂಚಿಗೆ, ಮಲಗಲು ಕೌದಿ. ಇವುಗಳಲ್ಲಿ ಕುಂಚಿಗೆ ತೋರಿಕೆಗೂ ಹೌದು. ಜರಿಯಂಚಿನ ಖಣ, ಮುತ್ತು, ಕನ್ನಡಿ ಎಲ್ಲ ಅದಕ್ಕೆ ಬರುತ್ತವೆ. ಕೌದಿಗೆ ಯಾವ ತೋರಿಕೆಯೂ ಇಲ್ಲ. ಅದು ಮನೆಯ ಹಳೆಯ ಬಟ್ಟೆಗಳ ಸಂಗ್ರಹ. ಬೇಕಿದ್ದರೆ ಮನೆಯ ಚರಿತ್ರೆ ಎನ್ನಿ.

ಅವ್ವ ಕೌದಿ ಹಾಕುತ್ತಿದ್ದ ಬಗೆ ಈಗಲೂ ಕಣ್ಣ ಮುಂದಿದೆ. ಸುಗ್ಗಿ ಮುಗಿದು ಹೊಲದ ಕೆಲಸ ಹಗುರಾದಾಗ ಪಡಸಾಲೆಯಲ್ಲಿ ಹಳೆಯ ಇಳಕಲ್ಲ ಸೀರೆಯೊಂದನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲೋ ತಂಬಿಗೆಯೋ ಇಟ್ಟು ಸುಕ್ಕು ಬಿಡಿಸುತ್ತಿದ್ದಳು. ಅದರ ಮೇಲೆ ಸವೆದ ಧೋತರ, ಅಪ್ಪನ ಹರಿದ ಅಂಗಿ, ನಮ್ಮ ಲಂಗದ ಚೂರು. ಅಂಚಿನಿಂದ ತೊಡಗಿ ಸುತ್ತುಸುತ್ತಾಗಿ ನಡುವಿನತ್ತ ಓಡುವ ಸಣ್ಣ ಹೊಲಿಗೆ. ನಡುವಿನಲ್ಲಿ ಕೈಯಗಲದಷ್ಟು ಜಾಗ ಉಳಿದಾಗ ಅದಕ್ಕೆ ‘ಕೌದಿಯ ಹೊಟ್ಟೆ’ ಎಂಬ ಹೆಸರು. ಅದನ್ನು ಮುಚ್ಚುವ ಮೊದಲು ನಮ್ಮ ಮನೆಯಲ್ಲಿ ಒಂದು ಚೂರು ಹೋಳಿಗೆಯನ್ನಾದರೂ ಒಳಗಿಡುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವೆಂಬುದು ಅವ್ವನ ನಂಬಿಕೆ. ಕೂಸಿನ ಕೌದಿಗೆ ಮಾತ್ರ ತೀರಾ ಹಳೆಯ, ನೂರು ಸಲ ಒಗೆದು ಮೆದುವಾದ ನೂಲಿನ ಬಟ್ಟೆಯೇ ಆಗಬೇಕು. ಹೊಸ ಬಟ್ಟೆಯ ಗಂಜಿ, ಬಣ್ಣ ಎಳೆಯ ಚರ್ಮಕ್ಕೆ ತಾಗಬಾರದೆಂಬ ಅರಿವು ಅದರಲ್ಲಿತ್ತು.

ಈ ಬಟ್ಟೆ ಬಂದದ್ದಾದರೂ ಎಲ್ಲಿಂದ? ಬೈಲಹೊಂಗಲದ ಎರೆಭೂಮಿ ಹತ್ತಿಯ ಸೀಮೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಏಕಾಏಕಿ ಬೇಡಿಕೆ ಬಂದದ್ದು ಚರಿತ್ರೆ. ಜಯಧರದಂಥ ನಾಡತಳಿಯ ಹತ್ತಿ, 1972ರಲ್ಲಿ ಧಾರವಾಡದ ವಿಜ್ಞಾನಿ ಬಿ.ಎಚ್. ಕಟರಕಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್, 2002ರ ನಂತರದ ಬಿಟಿ ಹತ್ತಿ ಹೀಗೆ ಈ ಮಣ್ಣು ಪ್ರತಿ ಪೀಳಿಗೆಯಲ್ಲೂ ಬೇರೆ ಬೇರೆ ಹತ್ತಿಯನ್ನು ಕಂಡಿದೆ. ನದಿಯ ಕೆಳದಿಕ್ಕಿನ ರಾಮದುರ್ಗ, ಸುರೇಬಾನಗಳಲ್ಲಿ ನೇಕಾರರ ಓಣಿಗಳಿವೆ. ಹೊಲ, ಮಗ್ಗ, ಪಡಸಾಲೆ ಇವು ಮೂರೂ ಒಂದು ದಿನದ ಚಕ್ಕಡಿ ದಾರಿಯೊಳಗೇ ಇದ್ದವು. ಈಗ ಇದೇ ಸೀಮೆಯ ಹತ್ತಿ ಹಿಂಡಿಗೆಯಾಗಿ ಲಾರಿ ಹತ್ತಿ ಹೋಗುತ್ತದೆ. ತಿರುಪ್ಪೂರಿನಿಂದ ಕೂಸಿನ ಅಂಗಿಯೂ ಲೂಧಿಯಾನದಿಂದ ಸ್ವೆಟರೂ ಪ್ಲಾಸ್ಟಿಕ್ ಚೀಲದಲ್ಲಿ ಬಂದು ಬೈಲಹೊಂಗಲದ ಬಜಾರದಲ್ಲಿ ತೂಗುತ್ತವೆ. ಅಗ್ಗವೂ ಹೌದು, ಅಂದವೂ ಹೌದು. ಅದನ್ನು ಕೊಳ್ಳುವ ತಾಯಿಯನ್ನು ದೂರುವ ಹಕ್ಕು ನನಗಿಲ್ಲ. ನನ್ನ ಮಗಳಿಗೆ ನಾನೂ ಅದನ್ನೇ ಕೊಂಡಿದ್ದೆ.

ಕಡ್ಡಿಗಳ ಹೆಣಿಗೆ ನಮಗೆ ತೀರ ಈಚಿನದು. ಮಿಷನರಿ ಶಾಲೆಗಳೂ ಬ್ರಿಟಿಷರ ದಂಡುಪ್ರದೇಶಗಳೂ ಅದನ್ನು ಈ ದೇಶಕ್ಕೆ ತಂದವು. ನಾನದನ್ನು ಕಲಿತದ್ದು ಪ್ರೌಢಶಾಲೆಯ ಕ್ರಾಫ್ಟ್ ತಾಸಿನಲ್ಲಿ. ಹುಡುಗಿಯರಿಗೆ ಹೆಣಿಗೆ, ಹುಡುಗರಿಗೆ ಆಟದ ಬಯಲು. ನಮ್ಮ ಸೀಮೆಯಲ್ಲಿ ಉಣ್ಣೆಗೇನೂ ಕೊರತೆಯಿರಲಿಲ್ಲ. ಕುರುಬರ ಹಟ್ಟಿಗಳಲ್ಲಿ ದಖ್ಖನಿ ಕುರಿಯ ಉಣ್ಣೆ ನೂತು, ಹುಣಸೆಬೀಜದ ಗಂಜಿ ಹಚ್ಚಿ ಕಂಬಳಿ ನೇಯುತ್ತಿದ್ದರು. ಆದರೆ ಆ ಉಣ್ಣೆ ಒರಟು. ಮಳೆಯಲ್ಲಿ ಕುರಿ ಕಾಯುವವನ ಹೆಗಲಿಗೆ ಹೇಳಿಸಿದ್ದೇ ಹೊರತು ಕೂಸಿನ ಮೈಗಲ್ಲ. ಪೇಟೆಯಲ್ಲಿ ‘ಉಲ್ಲನ್’ ಎಂದು ಸಿಗುವ ಗುಲಾಬಿ, ಹಳದಿ ಉಂಡೆಗಳು ಬಹುಪಾಲು ಅಕ್ರಿಲಿಕ್. ಅದು ಗೊತ್ತಿಲ್ಲದ ವಯಸ್ಸಿನಲ್ಲಿ ನಾನು ಅಣ್ಣನ ಮಗನಿಗೆಂದು ಎರಡು ತಿಂಗಳು ಕೂತು ಸ್ವೆಟರು ಹೆಣೆದು, ಮೇ ತಿಂಗಳ ಬಿಸಿಲಲ್ಲಿ ಸವದತ್ತಿಗೆ ಒಯ್ದೆ. ಕೂಸು ಅದನ್ನು ತೊಟ್ಟು ಹತ್ತು ನಿಮಿಷ ಚೀರಿತು. ಅತ್ತಿಗೆ ಸೌಜನ್ಯಕ್ಕೆ, “ಭಾಳ ಚಲೋ ಆಗೇತಿ” ಎಂದು ಹೇಳಿ ಮಡಿಚಿಟ್ಟರು. ಮಳೆಗಾಲ ಬರುವ ಹೊತ್ತಿಗೆ ಅದರ ತೋಳು ಕೂಸಿನ ಮೊಣಕೈಗೆ ಬಂದಿತ್ತು.

ಆದ್ದರಿಂದ ಕೈಯಲ್ಲಿ ಮಾಡಿದ್ದೆಲ್ಲ ಪವಿತ್ರ, ಅಂಗಡಿಯದ್ದೆಲ್ಲ ಕಳಪೆ ಎಂದು ನಾನು ಹೇಳಲಾರೆ. ವೈದ್ಯರು ಹೇಳುವ ಮಾತನ್ನು ಅಜ್ಜಿಯಂದಿರು ಕೇಳಲೇಬೇಕು. ಹುಟ್ಟಿದ ಕೂಡಲೇ ಕೂಸನ್ನು ಒರೆಸಿ, ತಾಯಿಯ ಎದೆಗೆ ಹಚ್ಚಿ, ತಲೆಗೆ ಟೋಪಿ ಹಾಕಿ ಬೆಚ್ಚಗಿಡಿ. ಮೊದಲ ಸ್ನಾನವನ್ನು ಇಪ್ಪತ್ನಾಲ್ಕು ತಾಸು ಮುಂದೂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಲಾವಿಯ ಮಹತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ವೇಳೆಗೆ, ನಿದ್ರಿಸುವ ಕೂಸಿನ ಮುಖದ ಬಳಿ ಸಡಿಲ ಹೊದಿಕೆ ಇರಬಾರದು, ಅತಿಯಾದ ಸೆಕೆಯೂ ಕೇಡು ಎಂದೂ ವೈದ್ಯರು ಎಚ್ಚರಿಸುತ್ತಾರೆ. ಬಾಯಿಗೆ ಹೋಗುವ ಮಣಿ, ಬೆರಳಿಗೆ ಸುತ್ತಿಕೊಳ್ಳುವ ಸಡಿಲ ನೂಲು ಇವೂ ಬೇಡ. ಕುಂಚಿಗೆಯ ಮುತ್ತು, ಕನ್ನಡಿಗಳನ್ನು ನಾವು ಕೈಬಿಟ್ಟರೆ ಸಂಪ್ರದಾಯಕ್ಕೇನೂ ನಷ್ಟವಾಗದು. ಪ್ರೀತಿಗೆ ಲೆಕ್ಕಾಚಾರ ಬೇಡವೆನ್ನುತ್ತಾರೆ. ಕೂಸಿನ ವಿಷಯದಲ್ಲಿ ಬೇಕು.

ಕರ್ನಾಟಕ ಸರ್ಕಾರವೂ ಒಮ್ಮೆ ಈ ಹಳೆಯ ಪದ್ಧತಿಯ ಭಾಷೆಯಲ್ಲೇ ಮಾತನಾಡಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವ ಬಡತಾಯಂದಿರಿಗಾಗಿ 2007ರಲ್ಲಿ ಆರಂಭಿಸಿದ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟಿತು. ಬಾಣಂತಿಗೂ ಕೂಸಿಗೂ ಬೇಕಾದ 19 ಸಾಮಾನುಗಳ ಆ ಚೀಲದಲ್ಲಿ ಸೊಳ್ಳೆಪರದೆ, ಸಾಬೂನುಗಳೊಂದಿಗೆ ಕೂಸಿನ ಸ್ವೆಟರು, ಟೋಪಿ, ಕಾಲುಚೀಲಗಳೂ ಇದ್ದವು. ತವರಿನಲ್ಲಿ ಯಾರೂ ಇಲ್ಲದವಳಿಗೆ ಸರ್ಕಾರವೇ ತವರಾಗಬೇಕೆಂಬ ಆಲೋಚನೆ ಅದು. ಅದನ್ನು ನಾನು ಹಗುರವಾಗಿ ಕಾಣಲಾರೆ. ಎಲ್ಲ ತಾಯಂದಿರಿಗೂ ಸೂಜಿ ಹಿಡಿದು ಕಾಯುವ ಅವ್ವಂದಿರು ಇರುವುದಿಲ್ಲ. ಆದರೆ ಎಲ್ಲ ಕೂಸುಗಳಿಗೂ ಒಂದೇ ಅಳತೆಯಲ್ಲಿ ಬರುವ ಟೋಪಿ, ನೀನು ಬರುತ್ತೀಯೆಂದು ಒಬ್ಬರು ಮೂರು ತಿಂಗಳು ಕಾದಿದ್ದರೆಂಬ ಸಂಗತಿಯನ್ನು ಹೇಳಲಾರದು. ಆ ಕೆಲಸ ಸರ್ಕಾರದ್ದಲ್ಲ, ನಮ್ಮದು.

ಇಲ್ಲಿ ನನ್ನ ವೃತ್ತಿಯ ಪ್ರಶ್ನೆಯೊಂದು ಎದುರಾಗುತ್ತದೆ: ಈ ಕೆಲಸಕ್ಕೆ ಏನೆಂದು ಕರೆಯಬೇಕು? 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಸಂಬಳವಿಲ್ಲದ ಆ ಕೆಲಸಕ್ಕೆ ವ್ಯಯಿಸುತ್ತಾರೆಂದು ತಿಳಿಸಿತು. ಆ ಸಮೀಕ್ಷೆ ಬಳಸಿದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮನೆಬಳಕೆಗೆಂದು ಬಟ್ಟೆ ತಯಾರಿಸುವುದು ‘ಸ್ವಂತ ಬಳಕೆಗಾಗಿ ಸರಕು ಉತ್ಪಾದನೆ’ಯ ವಿಭಾಗಕ್ಕೆ ಸೇರುತ್ತದೆ. ಹವ್ಯಾಸಗಳಿಗೆ ಬೇರೊಂದು ವಿಭಾಗವಿದೆ. ಅದು ಸಂಸ್ಕೃತಿ, ವಿರಾಮ, ಕ್ರೀಡೆಗಳದು. ನಾನು ಮೊಮ್ಮಗುವಿಗೆ ಟೋಪಿ ಹೆಣೆಯುವುದು ಉತ್ಪಾದನೆಯೋ ವಿರಾಮವೋ? ಬೈಲಹೊಂಗಲದ ಪಡಸಾಲೆಗೆ ಗಣತಿದಾರನೊಬ್ಬ ಬಂದು, “ಈಗ ಏನು ಮಾಡುತ್ತಿದ್ದೀರಿ?” ಎಂದು ಕೇಳಿದ್ದರೆ, ಮಡಿಲಲ್ಲಿ ಕೌದಿ, ಬೆರಳಲ್ಲಿ ಸೂಜಿ ಹಿಡಿದಿದ್ದ ನನ್ನ ಅವ್ವ ಏನು ಹೇಳುತ್ತಿದ್ದಳೆಂಬುದು ನನಗೆ ಗೊತ್ತು. “ಏನಿಲ್ರೀ, ಸುಮ್ಮ ಕುಂತೇನಿ.”

ಸುಮ್ಮನೆ ಕುಳಿತಿದ್ದೇನೆ! ಬೆಳಿಗ್ಗೆ ಐದಕ್ಕೆದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ದನದ ಸಗಣಿ ಬಳಿದು, ಮಧ್ಯಾಹ್ನ ಸಿಕ್ಕ ಎರಡು ತಾಸಿನಲ್ಲಿ ನಾಲ್ಕು ಪದರ ಬಟ್ಟೆಗೆ ಸಾವಿರ ಹೊಲಿಗೆ ಹಾಕುವವಳು ಅದನ್ನು ‘ಸುಮ್ಮನೆ ಕುಳಿತ’ ಲೆಕ್ಕಕ್ಕೆ ಸೇರಿಸುತ್ತಾಳೆ. ಗಾದೆ ಅವಳನ್ನು ನಕ್ಕಿತು, ಅಂಕಿಅಂಶ ಅವಳನ್ನು ಯಾವ ಕಾಲಮ್ಮಿಗೆ ಹಾಕಲೆಂದು ತಡವರಿಸಿತು, ಅವಳಾದರೋ ತನ್ನನ್ನೇ ಲೆಕ್ಕದಿಂದ ಬಿಟ್ಟುಬಿಟ್ಟಳು. ಕಿತ್ತೂರಿನ ಕೋಟೆಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ದತ್ತುಪುತ್ರನನ್ನು ಉತ್ತರಾಧಿಕಾರಿಯೆಂದು ಒಪ್ಪದ ಕಂಪನಿ ಸರ್ಕಾರದ ವಿರುದ್ಧ 1824ರಲ್ಲಿ ಚೆನ್ನಮ್ಮ ಕತ್ತಿ ಹಿಡಿದಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಹೆಣ್ಣಿನ ಕೈಯಲ್ಲಿ ಕತ್ತಿ ಇದ್ದರೆ ನಾವು ಇನ್ನೂರು ವರ್ಷ ನೆನೆಯುತ್ತೇವೆ, ನೆನೆಯಲೇಬೇಕು. ಸೂಜಿ ಇದ್ದರೆ ಆಕೆ ಸುಮ್ಮನೆ ಕುಳಿತಿದ್ದಾಳೆನ್ನುತ್ತೇವೆ.

ಇದಕ್ಕೆ ಪರಿಹಾರವಾಗಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಕೌದಿಯನ್ನು ಮಾರಿ. ಸ್ವಸಹಾಯ ಸಂಘ ಕಟ್ಟಿ, ಮೇಳಗಳಲ್ಲಿ ಮಳಿಗೆ ಹಾಕಿ, ಆನ್‌ಲೈನ್ ಪೇಟೆಗೆ ಹೋಗಿ. ಇದು ತಪ್ಪೇನಲ್ಲ. ನಮ್ಮ ಸೀಮೆಯ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಗೋಪುರ, ತೇರು, ಆನೆ ಅಂಬಾರಿಗಳ ಜೊತೆ ತೊಟ್ಟಿಲನ್ನೂ ಮೂಡಿಸುವ ಆ ಕಲೆಯಿಂದ ಅನೇಕ ಮನೆಗಳ ಒಲೆ ಉರಿಯುತ್ತಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಚಿಂದಿ ಎಂದು ಮೂಗು ಮುರಿದದ್ದನ್ನು ಜಗತ್ತು ಕಲೆಯೆಂದು ಕಂಡಿತು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ನ್ಯಾಯವಾದ ಕೂಲಿ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕೈಕೆಲಸವನ್ನೇ ನಂಬಿ ಬದುಕುವವರ ಜೊತೆ ಚೌಕಾಶಿ ಮಾಡಿ, ಮನೆಗೆ ಬಂದು ಪರಂಪರೆಯ ಬಗ್ಗೆ ಮಾತನಾಡುವುದು ನಮ್ಮಂಥ ಮಧ್ಯಮವರ್ಗದವರ ಆಷಾಢಭೂತಿತನ.

ನನ್ನ ತಕರಾರು ಇರುವುದು ಬೇರೆ ಕಡೆ. ಮಾರಿದರೆ ಮಾತ್ರ ಬೆಲೆ ಎಂಬ ನಂಬಿಕೆಯೇ ಅವ್ವನಿಂದ ‘ಸುಮ್ಮ ಕುಂತೇನಿ’ ಎಂದು ಹೇಳಿಸಿದ್ದು. ಕೂಸಿಗೆಂದು ಹೆಣೆದದ್ದನ್ನು ಮಾರುಕಟ್ಟೆಯ ತಕ್ಕಡಿಯಲ್ಲಿಟ್ಟರೆ ಅದು ಸೋಲುವುದು ಖಚಿತ. ನನ್ನ ಒಂದು ಟೋಪಿಗೆ ಹಿಡಿದ ತಾಸುಗಳಿಗೆ ಕನಿಷ್ಠ ಕೂಲಿ ಲೆಕ್ಕ ಹಾಕಿದರೆ ಅದರ ಬೆಲೆಯಲ್ಲಿ ಅಂಗಡಿಯ ಹತ್ತಾರು ಟೋಪಿಗಳು ಬರುತ್ತವೆ. ಅರ್ಥಶಾಸ್ತ್ರ ಓದಿದವಳಾಗಿ ನನಗದು ಗೊತ್ತು. ಆದರೂ ಹೆಣೆದೆ. ಯಾಕೆಂದರೆ ಆ ಮೂರು ತಿಂಗಳು ದೂರದ ಊರಿನಲ್ಲಿದ್ದ ಮಗಳ ಬಗ್ಗೆ ಏನೂ ಮಾಡಲಾಗದ ನನ್ನ ಆತಂಕಕ್ಕೆ ಕೈಗಳಲ್ಲಿ ಒಂದು ಕೆಲಸ ಬೇಕಿತ್ತು. ತಪ್ಪಿದ ಕುಣಿಕೆಯನ್ನು ಬಿಚ್ಚಿ ಮತ್ತೆ ಹಾಕಬಹುದೆಂಬ ಸಮಾಧಾನ ಬದುಕಿನ ಬೇರಾವ ಕೆಲಸದಲ್ಲೂ ಅಷ್ಟು ಸುಲಭವಾಗಿ ಸಿಗದು.

ನನ್ನ ಕಿರಿಯ ಸಹೋದ್ಯೋಗಿಯೊಬ್ಬಳು ಇದಕ್ಕೆ ಒಡ್ಡಿದ ಆಕ್ಷೇಪವನ್ನು ಇಲ್ಲಿ ದಾಖಲಿಸುವುದು ನ್ಯಾಯ. “ಮೇಡಂ, ನಿಮಗೆ ಪಿಂಚಣಿ ಬರುತ್ತದೆ, ಅಡುಗೆಗೆ ಸಹಾಯಕ್ಕೆ ಜನ ಇದ್ದಾರೆ. ನಿಮಗೆ ಇದು ಹವ್ಯಾಸ. ನಿಮ್ಮ ತಾಯಿಗೆ ಅದು ಹವ್ಯಾಸವಾಗಿತ್ತೇ?” ಎಂದಳು. ಉತ್ತರಿಸಲು ನನಗೆ ಕೆಲ ದಿನಗಳೇ ಬೇಕಾದವು. ಅವಳ ಮಾತು ನಿಜ. ಅವ್ವ ಕೌದಿ ಹೊಲಿದದ್ದು ಹೊದೆಯಲು ಬೇರೇನೂ ಇರಲಿಲ್ಲವೆಂದು. ಕಂದೀಲಿನ ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿ ಸೂಜಿ ಪೋಣಿಸುತ್ತಿದ್ದವಳನ್ನು, ನಿನಗೆ ಇದು ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಬೇಡವೆನ್ನಲು ಸಾಧ್ಯವಿದ್ದಾಗ ಮಾತ್ರ ಕೆಲಸ ಹವ್ಯಾಸವಾಗುತ್ತದೆ. ಕೌದಿಯನ್ನು ಹಾಡಿಹೊಗಳುವ ಭರದಲ್ಲಿ ಆ ಬಡತನವನ್ನೂ ಆ ದುಡಿತವನ್ನೂ ಹೊಗಳಿದಂತಾಗಬಾರದು.

ಆದರೂ ಒಂದು ಸಂಗತಿ ಉಳಿಯುತ್ತದೆ. ಬರಿಯ ಅಗತ್ಯವಷ್ಟೇ ಆಗಿದ್ದರೆ, ಕೂಸಿನ ಕೌದಿಯ ಮೂಲೆಗೆ ಕೆಂಪು ಖಣದ ತ್ರಿಕೋನಗಳು ಬೇಕಿರಲಿಲ್ಲ. ಅವು ಬೆಚ್ಚಗಿಡುವುದಿಲ್ಲ, ಹರಿದದ್ದನ್ನು ಮುಚ್ಚುವುದಿಲ್ಲ. ಅವುಗಳನ್ನು ಅವ್ವ ತನಗಾಗಿ ಇಟ್ಟಳು. ಇಡೀ ದಿನದ 24 ತಾಸುಗಳಲ್ಲಿ ಅವಳದೇ ಎನ್ನಬಹುದಾದ ಆಯ್ಕೆ ಅಷ್ಟೇ ಇದ್ದಿರಬಹುದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದೀತೀರದ ಊರುಗಳು ನೀರಲ್ಲಿ ನಿಂತಾಗ, ನಮ್ಮ ಬಳಗದ ಮುದುಕಿಯೊಬ್ಬಳು ಮನೆ ಬಿಟ್ಟು ಬಂದಳು. ಅವಳ ಕಂಕುಳಲ್ಲಿ ಇದ್ದದ್ದು ಒದ್ದೆಯಾದ ಒಂದು ಹಳೆಯ ಕೌದಿ. ಪರಿಹಾರ ಕೇಂದ್ರದಲ್ಲಿ ಹೊಸ ಚಾದರ ಕೊಟ್ಟರು. ಅದನ್ನೂ ಇಸಿದುಕೊಂಡಳು, ಇದನ್ನೂ ಬಿಡಲಿಲ್ಲ. ಅದರಲ್ಲಿ ಅವಳ ಸತ್ತ ಅತ್ತೆಯ ಸೀರೆ ಇತ್ತು.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ಹೆಂಗಸರ ವಿರಾಮವನ್ನು ವಿರಾಮವೆಂದು ಒಪ್ಪಿಕೊಳ್ಳಬೇಕು. 299 ನಿಮಿಷಗಳು ಒಂದು ಕಡೆ, 97 ನಿಮಿಷಗಳು ಇನ್ನೊಂದು ಕಡೆ ಇರುವವರೆಗೆ ಹವ್ಯಾಸದ ಮಾತು ಬಹುತೇಕ ಹೆಂಗಸರಿಗೆ ಹಾಸ್ಯವಾಗಿಯೇ ಕೇಳಿಸುತ್ತದೆ. ಪಾತ್ರೆ ತೊಳೆಯುವ ಗಂಡ, ಹೆಂಡತಿಯ ಹೆಣಿಗೆಗೆ ಯಾವ ಕರಕುಶಲ ಯೋಜನೆಗಿಂತಲೂ ಹೆಚ್ಚಿನ ಪ್ರೋತ್ಸಾಹ ಕೊಡಬಲ್ಲ. ಎರಡನೆಯದಾಗಿ, ಸೂಜಿ ಹುಡುಗಿಯರ ಸೊತ್ತೆಂಬ ಭ್ರಮೆ ಹೋಗಬೇಕು. ಕಂಬಳಿ ನೇಯ್ದವರು, ಊರಿನ ದರ್ಜಿಗಳು, ಮಗ್ಗದ ಕುಣಿಯಲ್ಲಿ ಕೂತವರು ಗಂಡಸರೂ ಅಲ್ಲವೇ? ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪಾಟಿಚೀಲ ಬಿಟ್ಟು ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿತು. ಆ ನೀತಿಯ ಉಳಿದ ಅಂಶಗಳ ಬಗ್ಗೆ ಎಷ್ಟೇ ಭಿನ್ನಾಭಿಪ್ರಾಯವಿರಲಿ, ಈ ಒಂದು ಸಲಹೆಯನ್ನು ಯಾವ ಶಾಲೆಯೂ ತನ್ನದಾಗಿಸಿಕೊಳ್ಳಬಹುದು. ಸವದತ್ತಿಯ ಹುಡುಗನೊಬ್ಬ ಕೌದಿಗೆ ನಾಲ್ಕು ಸಾಲು ಹೊಲಿಗೆ ಹಾಕಿದರೆ, ಮುಂದೆಂದೂ ತನ್ನ ಅವ್ವ ಸುಮ್ಮನೆ ಕುಳಿತಿದ್ದಾಳೆಂದು ಅವನು ಭಾವಿಸಲಾರ.

ಮೂರನೆಯದು ನಮ್ಮ ಕೈಯಲ್ಲೇ ಇರುವಂಥದ್ದು. ಕುಬಸಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಹೋಗುವಾಗ ಒಂದು ಲಕೋಟೆಯನ್ನೋ ಹೊಳೆಯುವ ಕಾಗದ ಸುತ್ತಿದ ಡಬ್ಬಿಯನ್ನೋ ಒಯ್ಯುವುದು ಈಗ ರೂಢಿ. ಬರುವವರಲ್ಲಿ ಒಬ್ಬರಾದರೂ ಕೈಯಾರೆ ಮಾಡಿದ ಒಂದು ಹತ್ತಿಯ ಕುಲಾವಿ ತರಲಿ. ಸೊಟ್ಟಗಿದ್ದರೂ ಚಿಂತೆಯಿಲ್ಲ. ಕೂಸು ದೊಡ್ಡದಾದ ಮೇಲೆ ಡಬ್ಬಿಯಲ್ಲಿ ಏನಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ. ಸೊಟ್ಟ ಕುಲಾವಿ ಟ್ರಂಕಿನಲ್ಲಿ ಇರುತ್ತದೆ.

ನನ್ನ ಮೊಮ್ಮಗಳು ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಬಂದಳು. ಹತ್ತಿಯ ನೂಲಿನಲ್ಲಿ ನಾನು ಹೆಣೆದ ಟೋಪಿ ಅವಳ ಹುಬ್ಬಿನವರೆಗೆ ಇಳಿಯುತ್ತಿತ್ತು. ಆಸ್ಪತ್ರೆಯ ನರ್ಸಮ್ಮ ಅದನ್ನು ತಿರುಗಿಸಿ ನೋಡಿ, “ಇದು ಮೂರು ತಿಂಗಳಿಗಾಗ್ತದೆ, ಇಟ್ಕೊಳ್ಳಿ” ಎಂದು ಹೇಳಿ ಆಸ್ಪತ್ರೆಯ ಟೋಪಿಯನ್ನೇ ತೊಡಿಸಿದರು. ಅವರು ಮಾಡಿದ್ದು ಸರಿ.

ತೊಟ್ಟಿಲಿಗೆ ಹಾಕುವ ದಿನ ಅಕ್ಕ ಬೈಲಹೊಂಗಲದಿಂದ ರಾತ್ರಿ ಬಸ್ಸು ಹಿಡಿದು ಬಂದಳು. ಚೀಲದಿಂದ ಒಂದು ಕೌದಿ ತೆಗೆದು ಹಾಸಿದಳು. ಅವ್ವನ ಇಳಕಲ್ಲ ಸೀರೆಯ ಸೆರಗು, ನನ್ನ ಮಗಳು ಹೈಸ್ಕೂಲಿನಲ್ಲಿ ತೊಡುತ್ತಿದ್ದ ನೀಲಿ ಲಂಗ, ಮೂಲೆಗಳಿಗೆ ಕೆಂಪು ಖಣ. ಹೊಲಿಗೆಗಳು ಬೆರಳುಗುರಿನಷ್ಟು ಸಣ್ಣವು. ಕೈಯಿಂದ ಸವರುತ್ತ ಮನದಲ್ಲೇ ಲೆಕ್ಕ ಹಾಕಿದೆ. ಎಪ್ಪತ್ತರ ಸಮೀಪದ ಕಣ್ಣಿಗೆ ಇದು ಕನಿಷ್ಠ ಮೂರು ತಿಂಗಳ ಕೆಲಸ.

“ಕೂಸು ಹುಟ್ಟಿ ಹದಿಮೂರ ದಿನ ಆತಲ್ಲ ಅಕ್ಕಾ, ಇಷ್ಟು ಯಾವಾಗ ಹೊಲಿದಿ?” ಎಂದು ಕೇಳಿದೆ.

ಅವಳು ತೊಟ್ಟಿಲ ಕಡೆ ಮುಖ ತಿರುಗಿಸಿದಳು. “ಏನಿಲ್ಲ ತಂಗಿ, ಸುಮ್ಮ ಕುಂತಿದ್ದೆ” ಎಂದಳು.